ಕುಂಕುಮ ಕಪ್ಪಾಗುತ್ತಿದ್ದ ಕಾಲ

ಊರ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದ ಹಳೆಯ ಫೋಟೋಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕುರ್ಚಿಯಲ್ಲಿ ರುಮಾಲು ಸುತ್ತಿದ ಅಜ್ಜ, ಪಕ್ಕದಲ್ಲಿ ನಿಂತ ಅಜ್ಜಿ, ಕೆಳಗೆ ಜಮಖಾನದ ಮೇಲೆ ಕಣ್ಣರಳಿಸಿಕೊಂಡು ಕೂತ ಮಕ್ಕಳು. ಅಜ್ಜಿಯ ಹಣೆಯ ಕುಂಕುಮ ಇದ್ದಿಲಿನಷ್ಟು ಕಪ್ಪು. ತುಟಿಗಳೂ ಕಪ್ಪು. ಅಂಗಳದಲ್ಲಿ ತೆಗೆದ ಚಿತ್ರವಾದರೆ ಹಿಂದಿನ ಆಕಾಶ ಸುಣ್ಣ ಬಳಿದ ಗೋಡೆಯಂತೆ ಬಿಳಿ, ಹೆಸರಿಗೊಂದು ಮೋಡವೂ ಇಲ್ಲ. "ಕಪ್ಪು-ಬಿಳುಪು ಫೋಟೋದಲ್ಲಿ ಕುಂಕುಮ ಕಪ್ಪಲ್ಲದೆ ಇನ್ನೇನಾಗಿರಬೇಕಿತ್ತು ಮಾರಾಯಾ?" ಎಂದು ನೀವು ಕೇಳಬಹುದು. ಹಾಗಾದರೆ ಅದೇ ಮನೆಯ 1970ರ ದಶಕದ ಮದುವೆ ಆಲ್ಬಮ್ ತೆಗೆದು ನೋಡಿ. ಅದೂ ಕಪ್ಪು-ಬಿಳುಪೇ. ಆದರೆ ಅಲ್ಲಿ ಕುಂಕುಮ ಬೂದು, ತುಟಿ ತಿಳಿಬೂದು, ಆಕಾಶದಲ್ಲಿ ಮೋಡಗಳೂ ತೇಲುತ್ತಿವೆ. ಕುಂಕುಮವೂ ಅದೇ, ಆಕಾಶವೂ ಅದೇ. ನಡುವೆ ಬದಲಾದದ್ದು ಫಿಲ್ಮಿನ ಕಣ್ಣು.

ಕೆಂಪನ್ನು ಕಾಣದ ಆ ಹಳೆಯ ಕಣ್ಣಿನ ಕಥೆಯನ್ನು ನಮ್ಮ ಬಳಗದ ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಸಾಹಿತ್ಯದ ಪತ್ರಿಕೆಯಲ್ಲಿ ಕೆಮಿಸ್ಟ್ರಿ ಏಕೆ ಎಂದು ಹುಬ್ಬೇರಿಸಬೇಡಿ, ಸ್ವಲ್ಪ ದೂರ ಜೊತೆಗೆ ಬನ್ನಿ.

ಫೋಟೋಗ್ರಫಿಯ ಜೀವ ಇರುವುದು ಬೆಳ್ಳಿಯ ಲವಣಗಳಲ್ಲಿ. ಈ ಲವಣಗಳಿಗೆ ಹುಟ್ಟಿನಿಂದ ಕಾಣುವುದು ನೀಲಿ, ನೇರಳೆ ಮತ್ತು ನಮಗೆ ಕಾಣದ ಅತಿನೇರಳೆ ಬೆಳಕು ಮಾತ್ರ. ಹಸಿರು, ಹಳದಿ, ಕೆಂಪು ಎಲ್ಲ ಅವುಗಳ ಪಾಲಿಗೆ ಕತ್ತಲೆ. ಹತ್ತೊಂಬತ್ತನೆಯ ಶತಮಾನದ ಛಾಯಾಗ್ರಾಹಕರು ದುಡಿದದ್ದು ಇಂಥ ಅರೆಗುರುಡು ಗಾಜಿನ ಫಲಕಗಳ ಜೊತೆಗೆ. ನಮ್ಮ ಬೇ ಏರಿಯಾದ ಹೆಸರಾಂತ ಉದಾಹರಣೆ ಎಲ್ಲರಿಗೂ ಗೊತ್ತೇ ಇದೆ. ನಾನಿರುವ ಸ್ಯಾನ್ ಮಟಿಯೋದಿಂದ 101ರಲ್ಲಿ ದಕ್ಷಿಣಕ್ಕೆ, ಟ್ರಾಫಿಕ್ ಇಲ್ಲದಿದ್ದರೆ ಇಪ್ಪತ್ತು ನಿಮಿಷ, ಪಾಲೊ ಆಲ್ಟೊ. ಅಲ್ಲಿ ಲೆಲಂಡ್ ಸ್ಟ್ಯಾನ್‌ಫರ್ಡ್ ಅವರ ಕುದುರೆ ಫಾರ್ಮಿನಲ್ಲಿ 1878ರ ಜೂನ್ ತಿಂಗಳಲ್ಲಿ ಎಡ್ವರ್ಡ್ ಮೈಬ್ರಿಜ್ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಓಡುವ ಕುದುರೆಯ ಚಿತ್ರಗಳನ್ನು ಹಿಡಿದ. ಆ ಚಿತ್ರಗಳಲ್ಲಿ ಕುದುರೆ ಬಹುಪಾಲು ಕರಿಯ ನೆರಳು, ಹಿಂದೆ ಬಿಳಿಯ ಪರದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಆ ಫಲಕಗಳಿಗೆ ದಕ್ಕುತ್ತಿದ್ದ ಬೆಳಕೇ ಅಲ್ಪ, ಅದರಲ್ಲೂ ನೀಲಿಯ ಪಾಲು ಮಾತ್ರ. ಹಾಗಾಗಿ ಹಿನ್ನೆಲೆಯನ್ನು ಬೆಳಗಿಸಿ ಕುದುರೆಯನ್ನು ನೆರಳಾಗಿ ಹಿಡಿಯುವುದು ಜಾಣತನದ ದಾರಿ. ಇದೇ ಮೈಬ್ರಿಜ್ ಅದಕ್ಕೂ ಮೊದಲು ಯೊಸೆಮಿಟಿಯ ಚಿತ್ರಗಳಿಗೆ ಮೋಡಗಳನ್ನು ಬೇರೆ ನೆಗೆಟಿವ್‌ನಿಂದ ತಂದು ಕೂಡಿಸುತ್ತಿದ್ದ. ನೀಲಿ ಆಕಾಶವೂ ಬಿಳಿ ಮೋಡವೂ ಫಲಕಕ್ಕೆ ಒಂದೇ ಆಗಿ ಕಾಣುತ್ತಿದ್ದರೆ ಬಡಪಾಯಿ ಇನ್ನೇನು ಮಾಡಿಯಾನು? 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಯೊಸೆಮಿಟಿಯಲ್ಲಿ ತೆಗೆದ 18 ಇಂಚು ಅಗಲ, 22 ಇಂಚು ಉದ್ದದ ಭಾರೀ ಫಲಕಗಳಲ್ಲಿ ಬಂಡೆಯ ಒಂದೊಂದು ಬಿರುಕೂ ಕಾಣುತ್ತದೆ, ಮೇಲೆ ಆಕಾಶ ಮಾತ್ರ ಖಾಲಿ ಹಾಳೆ.

ಈ ಕುರುಡಿಗೆ ಮದ್ದು ಹುಡುಕಿದವರ ಪೈಕಿ ಒಬ್ಬನಿಗೆ ನಮ್ಮ ಕಡೆಯ ಬೆಟ್ಟಗಳ ನಂಟಿದೆ. ಇದು ನಮ್ಮವರಲ್ಲಿ ಹೆಚ್ಚು ಜನರಿಗೆ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1871ರ ಡಿಸೆಂಬರ್ 12ರಂದು ದಕ್ಷಿಣ ಭಾರತದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಅದರ ದಾರಿ ಮಲಬಾರ್-ಕನ್ನಡ ಕರಾವಳಿಯಲ್ಲಿ ನೆಲ ಮುಟ್ಟಿ, ನೀಲಗಿರಿಯನ್ನು ದಾಟಿ ಸಿಂಹಳದ ಕಡೆಗೆ ಹೋಗಿತ್ತು. ನಾರ್ಮನ್ ಲಾಕ್ಯರ್ ನೇತೃತ್ವದ ಇಂಗ್ಲಿಷ್ ತಂಡ ಬಂದು ಬೀಡುಬಿಟ್ಟದ್ದು ಎಲ್ಲಿ ಅಂತೀರಿ? ಕಾಸರಗೋಡಿನ ಬೇಕಲ ಕೋಟೆಯಲ್ಲಿ! ಕೆಳದಿಯ ಶಿವಪ್ಪ ನಾಯಕನ ಕಾಲದ ಆ ಕೋಟೆ ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಲಾರ್ಡ್ ಲಿಂಡ್ಸೆ ಕಳಿಸಿದ್ದ ಡೇವಿಸ್ ಎಂಬ ಛಾಯಾಗ್ರಾಹಕ ಅಲ್ಲಿಂದ ಸೂರ್ಯನ ಕರೋನಾದ ಚಿತ್ರಗಳನ್ನು ತೆಗೆದ. ಅದೇ ದಿನ ಊಟಿಯ ದೊಡ್ಡಬೆಟ್ಟದ ಮೇಲೆ ಟೆನೆಂಟ್ ಎಂಬ ಸೇನಾಧಿಕಾರಿಯ ತಂಡ ಕಾಯುತ್ತಿತ್ತು. ಆ ತಂಡದಲ್ಲಿ ಕ್ಯಾಮೆರಾ ಹಿಡಿದಿದ್ದವನು ಕ್ಯಾಪ್ಟನ್ ಜೇಮ್ಸ್ ವಾಟರ್‌ಹೌಸ್. ಕಲ್ಕತ್ತೆಯ ಸರ್ವೇ ಇಲಾಖೆಯಲ್ಲಿ ನಕ್ಷೆಗಳನ್ನು ಫೋಟೋ ಮೂಲಕ ಮುದ್ರಿಸುವುದು ಅವನ ದಿನನಿತ್ಯದ ಕೆಲಸ.

ಎರಡು ವರ್ಷದ ಮೇಲೆ, 1873ರಲ್ಲಿ, ಬರ್ಲಿನ್ನಿನ ಹರ್ಮನ್ ಫೋಗೆಲ್ ಎಂಬ ಪ್ರೊಫೆಸರ್ ಒಂದು ವಿಚಿತ್ರ ಕಂಡುಹಿಡಿದ. ಬೆಳ್ಳಿಯ ಲವಣಕ್ಕೆ ತಕ್ಕ ಬಣ್ಣವೊಂದನ್ನು ಬೆರೆಸಿದರೆ, ಆ ಬಣ್ಣ ಯಾವ ಬೆಳಕನ್ನು ಹೀರುತ್ತದೋ ಆ ಬೆಳಕು ಲವಣಕ್ಕೂ ಕಾಣತೊಡಗುತ್ತದೆ! ಕೆಲವರು ನಂಬಲಿಲ್ಲ, ಕೆಲವರು ಗೇಲಿ ಮಾಡಿದರು. ಕಲ್ಕತ್ತೆಯಲ್ಲಿ ಕೂತಿದ್ದ ವಾಟರ್‌ಹೌಸ್ ಮಾತ್ರ ತಾನೇ ಬಣ್ಣಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋಗಿ, 1875ರ ಸುಮಾರಿಗೆ ಇಯೋಸಿನ್ ಎಂಬ ಬಣ್ಣ ಫಲಕಕ್ಕೆ ಹಸಿರನ್ನು ಚೆನ್ನಾಗಿ ಕಾಣಿಸುತ್ತದೆ ಎಂದು ತೋರಿಸಿದ. ಇಯೋಸಿನ್ ಎಂದರೆ ಕೆಂಪು ಶಾಯಿಯ ಬಣ್ಣ. ಗ್ರೀಕರ ಇಯೋಸ್, ಅಂದರೆ ನಮ್ಮ ಉಷೆ, ಅವಳ ಹೆಸರು ಹೊತ್ತ ಬಣ್ಣ. ತಾನು ಕೆಂಪಗಿದ್ದುಕೊಂಡು ಹಸಿರನ್ನು ಹೀರುವ ಈ ಬಣ್ಣ ಬೆಳ್ಳಿಗೆ ಹಸಿರನ್ನೂ ಹಳದಿಯನ್ನೂ ಕಲಿಸಿತು, ಕೆಂಪನ್ನು ಕಲಿಸಲಿಲ್ಲ. 1880ರ ದಶಕದಲ್ಲಿ ಇಂಥ ಫಲಕಗಳು ಅಂಗಡಿಗೆ ಬಂದವು. ಕ್ರಮೇಣ ಅವಕ್ಕೆ ನಿಂತ ಹೆಸರು 'ಆರ್ಥೋಕ್ರೊಮ್ಯಾಟಿಕ್'. ಆರ್ಥೋ ಎಂದರೆ 'ಸರಿಯಾದ' ಎಂದರ್ಥ. ಮಾರುವವರ ಉತ್ಸಾಹ ಯಾವ ಕಾಲಕ್ಕೂ ಒಂದೇ ಬಿಡಿ, ನಮ್ಮ ಸಾಫ್ಟ್‌ವೇರ್ ಜಗತ್ತಿನ 'ವರ್ಷನ್ 1.0' ಇದ್ದ ಹಾಗೆ.

ಕೆಂಪನ್ನೂ ಕಾಣುವ 'ಪ್ಯಾನ್‌ಕ್ರೊಮ್ಯಾಟಿಕ್' ಫಲಕಗಳನ್ನು ಇಂಗ್ಲೆಂಡಿನ ರ‍್ಯಾಟನ್ ಅಂಡ್ ವೇನ್‌ರೈಟ್ ಕಂಪನಿ 1906ರಲ್ಲಿ ಮಾರತೊಡಗಿತು. ಅಲ್ಲಿಗೆ ಆರ್ಥೋ ಕಾಲ ಮುಗಿಯಿತು ಎಂದುಕೊಳ್ಳಬೇಡಿ. ಹೊಸದರ ಬೆಲೆ ಜಾಸ್ತಿ. ಜೊತೆಗೆ ಇನ್ನೊಂದು ಫಜೀತಿ: ಆರ್ಥೋ ಫಿಲ್ಮಿಗೆ ಕೆಂಪು ಕಾಣುವುದಿಲ್ಲವಾದ್ದರಿಂದ ಕೆಂಪು ದೀಪದ ಬೆಳಕಿನಲ್ಲಿ ಕಣ್ಣಾರೆ ನೋಡುತ್ತ ತೊಳೆಯಬಹುದು, ಪ್ಯಾನ್ ಫಿಲ್ಮಿಗೆ ಪೂರ್ತಿ ಕತ್ತಲೆಯೇ ಬೇಕು. ಮನೆಯ ಮೂಲೆಯಲ್ಲೋ ಅಂಗಡಿಯ ಹಿಂಭಾಗದಲ್ಲೋ ಕೆಂಪು ಗಾಜಿನ ಲಾಂದ್ರ ಇಟ್ಟುಕೊಂಡು ಕೆಲಸ ಮಾಡುವವನಿಗೆ ಹಳೆಯದೇ ಹಿತ. ಕೊಡಾಕ್ ಕಂಪನಿ 1931ರಲ್ಲಿ ಹವ್ಯಾಸಿಗಳಿಗೆಂದು ತಂದ ವೆರಿಕ್ರೋಮ್ ಕೂಡ ಆರ್ಥೋ ಫಿಲ್ಮೇ. ಅದರ ಜಾಗಕ್ಕೆ ವೆರಿಕ್ರೋಮ್ ಪ್ಯಾನ್ ಬಂದದ್ದು 1956ರಲ್ಲಿ. ಅಂದರೆ ಏಕೀಕರಣದ ವರ್ಷದವರೆಗೂ ಬಾಕ್ಸ್ ಕ್ಯಾಮೆರಾದ ಚಿತ್ರಗಳಲ್ಲಿ ಕುಂಕುಮ ಕಪ್ಪಾಗಿರುವ ಸಾಧ್ಯತೆ ಇದ್ದೇ ಇತ್ತು.

ಇಷ್ಟನ್ನು ಪುಸ್ತಕದಲ್ಲಿ ಓದಿಕೊಂಡು ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಇಲ್‌ಫರ್ಡ್ ಕಂಪನಿ ಮೊದಲು ಹಾಳೆಗಳ ರೂಪದಲ್ಲಿ ಮಾತ್ರ ಮಾರುತ್ತಿದ್ದ ತನ್ನ ಆರ್ಥೋ ಪ್ಲಸ್ ಫಿಲ್ಮನ್ನು 2019ರಲ್ಲಿ ರೋಲಿನಲ್ಲೂ ತಂದಿತು. ಒಂದೆರಡು ರೋಲು ತರಿಸಿದೆ. ಇದು ಸುಲಭಕ್ಕೆ ಪಳಗುವ ಫಿಲ್ಮಲ್ಲ. ಡಬ್ಬಿಯ ಮೇಲೆ ವೇಗ 80 ಎಂದಿದೆ, ಆದರೆ ಅದು ಹಗಲು ಬೆಳಕಿನ ಮಾತು. ಹಳೆಯ ಬಲ್ಬಿನ ಬೆಳಕಿನಲ್ಲಿ ಅದೇ ಫಿಲ್ಮು 40 ಮಾತ್ರ. ಬಲ್ಬಿನ ಬೆಳಕಿನಲ್ಲಿ ಕೆಂಪಿನ ಪಾಲು ಹೆಚ್ಚು, ಫಿಲ್ಮಿಗೆ ಆ ಪಾಲು ಇದ್ದೂ ಇಲ್ಲದ ಹಾಗೆ. ಸಂಜೆಯ ಹೊಂಬಿಸಿಲು ಇನ್ನೂ ಮೋಸ. ಲೈಟ್ ಮೀಟರು "ಬೇಕಾದಷ್ಟು ಬೆಳಕಿದೆ" ಎನ್ನುತ್ತದೆ, ಫಿಲ್ಮು "ಎಲ್ಲಿದೆ?" ಎನ್ನುತ್ತದೆ. ಸೂರ್ಯ ಇಳಿದಷ್ಟೂ ನಾವೇ ಅಂದಾಜು ಮಾಡಿ ಹೆಚ್ಚು ಬೆಳಕು ಕೊಡಬೇಕು. ಕೆಂಪು ಫಿಲ್ಟರ್ ಹಾಕಿದಿರೋ, ಲೆನ್ಸಿನ ಮುಚ್ಚಳ ಹಾಕಿಟ್ಟಂತೆಯೇ. ಇದಲ್ಲದೆ ಡೆವಲಪರಿನಲ್ಲಿ ಒಂದು ನಿಮಿಷ ಹೆಚ್ಚಾದರೆ ಬಿಳಿ ಅಂಗಿ ಸುಣ್ಣದ ಗಡ್ಡೆಯಾಗಿ, ಮುಖ ಮಸಿಯಾಗಿ ಕೂರುತ್ತದೆ.

ತೊಳೆಯುವುದಂತೂ ಹಬ್ಬ. ಇಂದಿನ ರೂಢಿ ಮುಚ್ಚಿದ ಟ್ಯಾಂಕಿನಲ್ಲಿ ಗಡಿಯಾರ ನೋಡಿಕೊಂಡು ತೊಳೆಯುವುದು. ನಾನು ಹಳಬರ ಹಾದಿ ಹಿಡಿದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಬಚ್ಚಲಿನ ಬಾಗಿಲ ಸಂದಿಗೆ ಟವೆಲ್ ತುರುಕಿ, ಕಡುಗೆಂಪು ದೀಪ ಹಚ್ಚಿ, ರೋಲನ್ನು ಬಿಚ್ಚಿ ಎರಡೂ ತುದಿಗೆ ಕ್ಲಿಪ್ಪು ಸಿಕ್ಕಿಸಿ, ಟ್ರೇಯಲ್ಲಿನ ಡೆವಲಪರಿನೊಳಗೆ ಆಚೆ ಈಚೆ ಎಳೆದಾಡಿಸುವುದು. ಬಲಗೈ ಮೇಲೆ ಹೋದಾಗ ಎಡಗೈ ಕೆಳಗೆ, ಎಡಗೈ ಮೇಲೆ ಹೋದಾಗ ಬಲಗೈ ಕೆಳಗೆ, ಮೊಸರು ಕಡೆದ ಹಾಗೆ. ಒಂದೆರಡು ನಿಮಿಷಕ್ಕೆ ಕೆನೆಬಣ್ಣದ ಪಟ್ಟಿಯ ಮೇಲೆ ಮೊದಲು ಆಕಾಶ ಕಪ್ಪಾಗಿ ಮೂಡುತ್ತದೆ (ನೆಗೆಟಿವ್ ಅಲ್ಲವೆ), ಆಮೇಲೆ ಬಿಳಿ ಬಟ್ಟೆ, ಆಮೇಲೆ ಎಲೆಗಳು, ಕೊನೆಗೆ ಮುಖಗಳು. ಕುಂಕುಮವಿದ್ದ ಜಾಗದಲ್ಲಿ ಮಾತ್ರ ಕೊನೆಯವರೆಗೂ ಏನೂ ಮೂಡುವುದಿಲ್ಲ. ಅಲ್ಲಿಂದ ಫಿಲ್ಮಿಗೆ ಯಾವ ಸುದ್ದಿಯೂ ಬಂದಿಲ್ಲ.

ತೊಳೆಯುವ ನೀರಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ಸ್ಯಾನ್ ಮಟಿಯೋದ ನಲ್ಲಿಯಲ್ಲಿ ಬರುವುದು ಬಹುಪಾಲು ಹೆಚ್ ಹೆಚ್ಚಿ ಕಣಿವೆಯ ಹಿಮದ ನೀರು. ಯೊಸೆಮಿಟಿಯೊಳಗಿನ ಆ ಕಣಿವೆಗೆ 1923ರಲ್ಲಿ ಅಣೆಕಟ್ಟು ಕಟ್ಟಿದರು, ಹನ್ನೊಂದು ವರ್ಷದ ಮೇಲೆ ನೀರು ನಮ್ಮ ಪಕ್ಕದ ಕ್ರಿಸ್ಟಲ್ ಸ್ಪ್ರಿಂಗ್ಸ್ ಕೆರೆಗೆ ಬಂದು ಬಿತ್ತು. ಮೆದು ನೀರು, ಫಿಲ್ಮಿನ ಮೇಲೆ ಕಲೆ ಉಳಿಸುವುದಿಲ್ಲ. ಮುಳುಗಿದ ಕಣಿವೆಗಾಗಿ ಜಾನ್ ಮ್ಯೂರ್ ಪಟ್ಟ ಸಂಕಟವನ್ನು ಓದಿದವರಿಗೆ ಆ ನೀರಿನಲ್ಲಿ ಕೈ ಅದ್ದುವಾಗ ಸ್ವಲ್ಪ ಮುಜುಗರ ಆಗುವುದೂ ಸಹಜ. (ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತದೆ. ಅದನ್ನು ದಯವಿಟ್ಟು ಬಚ್ಚಲಿಗೆ ಸುರಿಯದೆ ಕೌಂಟಿಯವರ ತ್ಯಾಜ್ಯ ಕೇಂದ್ರಕ್ಕೆ ಒಪ್ಪಿಸಿ.)

ಅಡುಗೆಮನೆಯ ಕಿಟಕಿಯ ಬಳಿ ಒಂದು ತಟ್ಟೆಯಲ್ಲಿ ಕುಂಕುಮ, ಅರಿಶಿನ, ವಿಭೂತಿ, ವೀಳ್ಯದೆಲೆ, ಒಂದು ತುಂಡು ನೀಲಿ ಬಟ್ಟೆ ಇಟ್ಟು ಆರ್ಥೋದಲ್ಲೂ ಮಾಮೂಲಿ ಪ್ಯಾನ್ ಫಿಲ್ಮಿನಲ್ಲೂ ಒಂದೊಂದು ಚಿತ್ರ ತೆಗೆದೆ. ಪ್ಯಾನ್ ಚಿತ್ರದಲ್ಲಿ ಎಲ್ಲವೂ ನಾವು ನಿರೀಕ್ಷಿಸುವ ಹಾಗೆ ಇದ್ದವು. ಆರ್ಥೋದಲ್ಲಿ ಕುಂಕುಮ ಕಾಡಿಗೆ. ಹೊಳೆಯುವ ಅರಿಶಿನ ಮಂಕು ಬೂದು. ಎಲೆ ಪರವಾಗಿಲ್ಲ. ನೀಲಿ ಬಟ್ಟೆ ಮಾತ್ರ ಒಗೆದು ಒಗೆದು ಬಣ್ಣ ಹೋದ ಪಂಚೆಯ ಹಾಗೆ ಬೆಳ್ಳಗೆ! ಆಗ ನೆನಪಾದದ್ದು ಫಾಲ್ಕೆ. ದಾದಾಸಾಹೇಬ್ ಫಾಲ್ಕೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದಾಗ ಫಿಲ್ಮಿನ ಅಂಚಿಗೆ ತೂತು ಹಾಕುವುದರಿಂದ ಹಿಡಿದು ತೊಳೆಯುವವರೆಗೆ ಹೆಂಡತಿ ಸರಸ್ವತಿಬಾಯಿ ಮನೆಯಲ್ಲೇ ಕೈಜೋಡಿಸಿದ್ದರು. ಘಟಕದ ಅಷ್ಟೂ ಮಂದಿಗೆ ಅಡುಗೆ ಮಾಡಿ ಬಡಿಸಿದ ಮೇಲೆ! ಭಾರತದ ಸಿನಿಮಾ ಹುಟ್ಟಿದ್ದು ಸ್ಟುಡಿಯೋದಲ್ಲಲ್ಲ, ಸಂಸಾರದಲ್ಲಿ. ಮುಂದೆ 1919ರ 'ಕಾಲಿಯ ಮರ್ದನ'ದಲ್ಲಿ ಅವರ ಪುಟ್ಟ ಮಗಳು ಮಂದಾಕಿನಿಯೇ ಕೃಷ್ಣ. ಆ ಕಾಲದ ಫಿಲ್ಮಿನ ಮುಂದೆ ನೀಲಮೇಘಶ್ಯಾಮನಿಗೆ ಶಾಸ್ತ್ರೋಕ್ತವಾಗಿ ನೀಲಿ ಬಳಿದು ನಿಲ್ಲಿಸಿದ್ದರೆ ತೆರೆಯ ಮೇಲೆ ಮೂಡುತ್ತಿದ್ದದ್ದು ಬೆಳ್ಳನೆಯ ಕೃಷ್ಣ! ಯಕ್ಷಗಾನದ ಬಣ್ಣದ ವೇಷವನ್ನು ಇದೇ ಕಣ್ಣಿನಿಂದ ಊಹಿಸಿಕೊಳ್ಳಿ. ಕೆಂಪು ಗೆರೆ ಯಾವುದು ಕಪ್ಪು ಗೆರೆ ಯಾವುದು ಎಂದು ಹೇಳಲು ಬರುವಂತಿಲ್ಲ. ಹಳೆಯ ಫೋಟೋ ನೋಡಿ ಹಳೆಯ ವೇಷವನ್ನು ಮರಳಿ ಕಟ್ಟಲು ಹೊರಟವರು ಇದೊಂದನ್ನು ಮರೆಯಬಾರದು.

ತಟ್ಟೆಯ ಜೊತೆಗೆ ಮನೆಯಾಕೆಯದೂ ಒಂದು ಚಿತ್ರ ತೆಗೆದಿದ್ದೆ. ನೋಡಿದವಳೇ, "ಏನ್ರೀ ಇದು, ಸತ್ತು ಮೂರು ದಿನ ಆದೋರ ಹಂಗ ಕಾಣಸ್ತೀನಲ್ಲ!" ಅಂದಳು. ಹಾಸ್ಯವಿರಲಿ, ಆ ಮಾತಿನಲ್ಲಿ ಚರಿತ್ರೆಯೇ ಇದೆ. ನಮ್ಮ ಕಂದು ಮೈಬಣ್ಣದ ಕಳೆ ಇರುವುದು ಕೆಂಪಿನಲ್ಲಿ, ಹಳದಿಯಲ್ಲಿ. ಕೆಂಪನ್ನು ಕಿತ್ತುಕೊಂಡರೆ ಉಳಿಯುವುದು ನಿರ್ಜೀವ ಕಪ್ಪು. ರಾಬರ್ಟ್ ಫ್ಲಾಹರ್ಟಿ ಸಮೋವಾ ದ್ವೀಪದ ಜನರ ಮೇಲೆ 'ಮೊಆನಾ' ಚಿತ್ರ ತೆಗೆಯಲು 1923ರಲ್ಲಿ ಹೋದಾಗ ಇದೇ ತೊಡಕಿಗೆ ಸಿಕ್ಕಿಬಿದ್ದ. ಆರ್ಥೋ ಫಿಲ್ಮಿನಲ್ಲಿ ಆ ಜನರ ಚೆಲುವಾದ ಮೈಬಣ್ಣ ಸತ್ತ ಕಪ್ಪಾಗಿ ಬಂತು. ಬಣ್ಣದ ಪ್ರಯೋಗಕ್ಕೆಂದು ಒಯ್ದಿದ್ದ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮನ್ನು ಹಾಕಿ ನೋಡಿದರೆ ಅದೇ ಮುಖಗಳಿಗೆ ಜೀವ ಬಂತು. ಆ ಮೇಲೆ ಚಿತ್ರವನ್ನು ಅದರಲ್ಲೇ ತೆಗೆದ. ಫಿಲ್ಮು ತೊಳೆಯುತ್ತಿದ್ದದ್ದು ಅಲ್ಲೇ ಒಂದು ಗುಹೆಯಲ್ಲಿ. ಆ ಗುಹೆಯ ನೀರಿಗೆ ಬೆಳ್ಳಿಯ ಲವಣ ಸೇರಿ, ಅದನ್ನು ಕುಡಿದ ಫ್ಲಾಹರ್ಟಿ ಕಾಯಿಲೆ ಬಿದ್ದ ಎಂಬುದೂ ದಾಖಲಾಗಿದೆ. 1926ರಲ್ಲಿ ಚಿತ್ರ ಬಿಡುಗಡೆಯಾದಾಗ ಅದರ ವಿಮರ್ಶೆಯಲ್ಲೇ ಜಾನ್ ಗ್ರಿಯರ್ಸನ್ 'ಡಾಕ್ಯುಮೆಂಟರಿ' ಎಂಬ ಮಾತನ್ನು ಬಳಸಿದ್ದು. ಕಂದು ಬಣ್ಣದ ಮನುಷ್ಯರನ್ನು ಇದ್ದಂತೆ ತೋರಿಸಬಲ್ಲ ಫಿಲ್ಮೂ ಆ ಮಾತೂ ಒಂದೇ ಚಿತ್ರದಲ್ಲಿ ಕೂಡಿಬಂದದ್ದು ಕಾಕತಾಳೀಯವಿರಬಹುದು, ನನಗಂತೂ ಇಷ್ಟವಾದ ಕಾಕತಾಳೀಯ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಫೋಟೋ ನೋಡಿ ಹೆಣ್ಣು ಒಪ್ಪುವ ಪದ್ಧತಿ ಬಂದದ್ದೂ ಈ ಫಿಲ್ಮಿನ ಕಾಲದಲ್ಲೇ. "ಹುಡುಗಿ ಕಪ್ಪಂತೆ" ಎಂಬ ಮಾತು ಹುಡುಗಿಯ ಮುಖದಿಂದ ಹುಟ್ಟಿದ್ದೆಷ್ಟು, ಕೆಂಪು ಕಾಣದ ಗಾಜಿನಿಂದ ಹುಟ್ಟಿದ್ದೆಷ್ಟು, ಲೆಕ್ಕ ಇಟ್ಟವರಾರು? ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖ ತಿಳಿಯಾಗಿಸುವುದು ಒಂದು ಕಸುಬೇ ಆಗಿ ಬೆಳೆದದ್ದಕ್ಕೆ ಮೂಲ ಕಾರಣ ಬರೀ ಗಿರಾಕಿಯ ಬಿಂಕವಲ್ಲ, ಫಿಲ್ಮಿನ ಕೊರತೆಯೂ ಹೌದು.

ಬೇ ಏರಿಯಾಕ್ಕೆ ಮರಳಿದರೆ, ಇಲ್ಲಿ ಕೆಂಪಿನ ಕಣ್ಣು ತೆರೆದ ದಿನಾಂಕವನ್ನೇ ಹೇಳಬಹುದು: 1927ರ ಏಪ್ರಿಲ್ 10. ಸ್ಯಾನ್ ಫ್ರಾನ್ಸಿಸ್ಕೋದ ಇಪ್ಪತ್ತೈದು ವರ್ಷದ ಆನ್ಸೆಲ್ ಆಡಮ್ಸ್ ಮುಂದೆ ತನ್ನ ಹೆಂಡತಿಯಾಗಲಿದ್ದ ವರ್ಜೀನಿಯಾ ಮತ್ತು ಗೆಳೆಯರ ಜೊತೆ ಹಿಮದಲ್ಲಿ ಹತ್ತಿ ಹಾಫ್ ಡೋಮ್ ಎದುರಿಗೆ ನಿಂತ. ಬೆನ್ನಿಗೆ ಹೊತ್ತು ತಂದ ಹನ್ನೆರಡು ಫಲಕಗಳಲ್ಲಿ ಉಳಿದದ್ದು ಎರಡೇ. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದ. ತೆಗೆದ ಕೂಡಲೇ, ಮನಸ್ಸಿನಲ್ಲಿರುವ ಬಂಡೆ ಇದಲ್ಲ ಅನಿಸಿತು. ಕೊನೆಯದಕ್ಕೆ ಕಡುಗೆಂಪು ಫಿಲ್ಟರ್ ಹಾಕಿ ಸುಮಾರು ಐದು ಸೆಕೆಂಡು ಬೆಳಕು ಕೊಟ್ಟ. ಫಲಕ ಪ್ಯಾನ್‌ಕ್ರೊಮ್ಯಾಟಿಕ್ ಆದ್ದರಿಂದ ಕೆಂಪು ಫಿಲ್ಟರಿನ ಮೂಲಕವೂ ಅದಕ್ಕೆ ಕಾಣುತ್ತಿತ್ತು. ನೀಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಗಿ, ಬಂಡೆ ಎದ್ದು ನಿಂತಿತು. ವಾಟ್ಕಿನ್ಸನ ಬಿಳಿ ಆಕಾಶದ ಪಕ್ಕದಲ್ಲಿ ಆ ಚಿತ್ರವಿಟ್ಟು ನೋಡಿ. ಸ್ಥಳ ಒಂದೇ, ನಡುವೆ ಅರವತ್ತಾರು ವರ್ಷ, ಆಕಾಶ ಬಿಳಿಯಿಂದ ಕಪ್ಪಿಗೆ ತಿರುಗಿದೆ. ಎರಡೂ ನಿಜವಾದ ಆಕಾಶವಲ್ಲ. ಒಬ್ಬನಿಗೆ ಆಯ್ಕೆ ಇರಲಿಲ್ಲ, ಇನ್ನೊಬ್ಬ ಆಯ್ದುಕೊಂಡ, ಅಷ್ಟೇ.

ಈಗ ನಮ್ಮ ಮನೆಯ ಒಂದು ಫೋಟೋದ ವಿಚಾರ. ಧಾರವಾಡದಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿ ನನ್ನ ಮುತ್ತಜ್ಜಿಯ ಒಂದೇ ಒಂದು ಚಿತ್ರವಿದೆ. ತಲೆಯ ಮೇಲೆ ಸೆರಗು, ಕೈಗಳು ಸೆರಗಿನ ಒಳಗೆ, ಹಣೆಯಲ್ಲಿ ದುಂಡಗಿನ ಕರಿಯ ಕುಂಕುಮ, ಮೈತುಂಬ ಕಪ್ಪು ಸೀರೆ. ಅದು ಚಂದ್ರಕಾಳಿ ಎಂಬುದು ಮನೆತನದ ನಂಬಿಕೆ. ಚಂದ್ರಕಾಳಿ ಗೊತ್ತಲ್ಲ, ಕಪ್ಪು ಒಡಲಿಗೆ ಕೆಂಪು ದಡಿಯ ಸೀರೆ, ನಮ್ಮ ಕಡೆ ಮುತ್ತೈದೆಯರು ಪ್ರೀತಿಯಿಂದ ಉಡುವಂಥದು. ಮುತ್ತಜ್ಜ 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡರು. ಹಾಗಾಗಿ ಫೋಟೋ ಅದಕ್ಕೂ ಮುಂಚಿನದು, ಸೀರೆ ಅವರೇ ತಂದುಕೊಟ್ಟದ್ದು, ಎಂದು ಅತ್ತೆ ಹೇಳುತ್ತ ಬಂದಿದ್ದಾರೆ.

ಆ ಕಾಲದ ಫಲಕ ಆರ್ಥೋ ಆಗಿರಲಿ, ಅದಕ್ಕೂ ಹಳೆಯ ನೀಲಿಗಣ್ಣಿನದಾಗಿರಲಿ, ಕೆಂಪು ಅದಕ್ಕೆ ಕಪ್ಪೇ. ಅಂದರೆ ಆ ಸೀರೆ ಕಪ್ಪೇ ಆಗಿರಬೇಕಿಲ್ಲ, ಕೆಂಪೂ ಆಗಿರಬಹುದು. ಗಂಡ ಸತ್ತ ಮೇಲೆ ತಲೆ ತೆಗೆಸಿ ಉಡಿಸುತ್ತಿದ್ದ ಮಡಿಯ ಕೆಂಪು ಸೀರೆ. 'ಫಣಿಯಮ್ಮ' ಓದಿದ ನಮ್ಮ ಬಳಗಕ್ಕೆ ಇದನ್ನು ವಿವರಿಸಬೇಕಿಲ್ಲ. ದಡಿ ಕಾಣುವುದಿಲ್ಲ ಎಂಬುದರಿಂದಲೂ ಏನೂ ತೀರ್ಮಾನವಾಗದು, ಏಕೆಂದರೆ ಕಪ್ಪಿನ ಮೇಲಿನ ಕೆಂಪು ದಡಿಯೂ ಆ ಫಲಕದ ಪಾಲಿಗೆ ಕಪ್ಪೇ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಎರಡು ಬೇರೆ ಬೇರೆ ಇನ್‌ಪುಟ್‌ಗಳಿಗೆ ಒಂದೇ ಔಟ್‌ಪುಟ್. ಔಟ್‌ಪುಟ್ ಒಂದನ್ನೇ ಹಿಡಿದು ಹಿಂದಕ್ಕೆ ಹೋಗುವ ದಾರಿ ಇಲ್ಲ.

ಹಣೆಯ ಕುಂಕುಮ? ಅದಿದ್ದ ಮೇಲೆ ಸಂಶಯವೇಕೆ? ಹಿಂದಿನ ಸಲ ಊರಿಗ�� ಹೋದಾಗ ಅತ್ತೆಯ ಅಪ್ಪಣೆ ಪಡೆದು ಫೋಟೋವನ್ನು ಚೌಕಟ್ಟಿನಿಂದ ಬಿಡಿಸಿ, ಟಾರ್ಚನ್ನು ಒಂದು ಮಗ್ಗುಲಿನಿಂದ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿದೆ. ಮುಖ, ಸೆರಗು, ಸೀರೆ ಎಲ್ಲವೂ ಕಾಗದದ ಒಂದೇ ನುಣುಪಿನಲ್ಲಿ ಕೂತಿದ್ದವು. ಕುಂಕುಮ ಮಾತ್ರ ಮೇಲೆ ಕೂತಿತ್ತು. ಅಂಚಿನಲ್ಲಿ ಕುಂಚದ ಎಳೆಗಳು, ನಡುವೆ ಒಣಗಿದ ಶಾಯಿಯ ಹೊಳಪು. ಯಾರೋ ಆಮೇಲೆ ಇಟ್ಟದ್ದು.

ಸ್ಟುಡಿಯೋದವರು ಕಣ್ಣು ಹುಬ್ಬು ತಿದ್ದುವುದು ರೂಢಿಯಲ್ಲಿತ್ತು, ನಿಜ. ಆದರೆ ಆ ಫಲಕದ ಮುಂದೆ ಯಾರ ಸಹಾಯವೂ ಇಲ್ಲದೆ ಅಚ್ಚುಕಪ್ಪಾಗಿ ಬರುವ ವಸ್ತು ಯಾವುದಾದರೂ ಇದ್ದರೆ ಅದು ಕುಂಕುಮ. ನನ್ನ ತಟ್ಟೆಯ ಪ್ರಯೋಗದಲ್ಲಿ ಅದಕ್ಕಿಂತ ಗಾಢವಾಗಿ ಬಂದದ್ದು ಇನ್ನೊಂದಿಲ್ಲ. ಇದ್ದ ಕುಂಕುಮವನ್ನು ತಿದ್ದುವ ಅಗತ್ಯ ತೀರ ಕಡಿಮೆ. ಹಾಗಾಗಿ ಅಲ್ಲಿ ಮೊದಲು ಕುಂಕುಮ ಇರಲಿಲ್ಲ ಎಂಬ ಕಡೆಗೇ ನನ್ನ ತಕ್ಕಡಿ ವಾಲುತ್ತದೆ. ಫೋಟೋಗೆ ಚೌಕಟ್ಟು ಹಾಕಿಸಿದ್ದು ಅವರ ಮಗ, ಅಂದರೆ ನನ್ನ ಅಜ್ಜ. ತಂದೆ ತೀರಿಕೊಂಡಾಗ ಅವರಿಗೆ ಏಳು ವರ್ಷ.

ಅತ್ತೆಗೆ ಎಲ್ಲವನ್ನೂ ಹೇಳಿದೆ, ಕೆಂಪು ಸೀರೆಯ ವಿಚಾರವನ್ನೂ. ಕೇಳಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಅಂದ್ರ ಅಪ್ಪಾನ ಹಚ್ಚಿಸಿರಬೇಕು," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಊರಾಗ ಯಾರೂ ಹಚ್ಚಗೊಡಲಿಲ್ಲ. ಫೋಟೋದಾಗ ಹಚ್ಚಿದ. ನೀ ಏನ್ ಅದನ್ನ ಬರಕೋತೀಯೇನು? ಬರಕೋ. ಆದ್ರ ಮತ್ತ ಹಂಗ ಚೌಕಟ್ಟಿನ್ಯಾಗ ಹಾಕಿಡು," ಅಂದರು. ಹಾಕಿಟ್ಟು ಬಂದೆ. ಅವರು ಈಗಲೂ ಬಂದವರಿಗೆ ಚಂದ್ರಕಾಳಿ ಎಂದೇ ಹೇಳುತ್ತಾರೆ. ಅದು ಚಂದ್ರಕಾಳಿ ಆಗಿರಲಿಕ್ಕಿಲ್ಲ ಎಂದು ಖಚಿತವಾಗಿ ಹೇಳುವ ಅಧಿಕಾರ ಆ ಫಲಕವೂ ನನಗೆ ಕೊಟ್ಟಿಲ್ಲ.

ಇತ್ತೀಚೆಗೆ ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಕಂಪ್ಯೂಟರಿನಿಂದ ಬಣ್ಣ ತುಂಬಿಸಿ ಕುಟುಂಬದ ವಾಟ್ಸ್ಆಪ್ ಗುಂಪುಗಳಲ್ಲಿ ಹಂಚುವುದು ಜೋರಾಗಿದೆ. ನಾನೇ ಆ ಕಸುಬಿನವನಾದ್ದರಿಂದ ಒಂದು ಎಚ್ಚರಿಕೆ: ಆ ಪ್ರೋಗ್ರಾಮುಗಳು ಕಪ್ಪು ಸೀರೆಯನ್ನು ಕಂಡರೆ ಕಪ್ಪೆಂದೋ ಕಡುನೀಲಿಯೆಂದೋ ಊಹಿಸುತ್ತವೆ. ಕಡುನೀಲಿ ಆ ಫಲಕದಲ್ಲಿ ಅಷ್ಟು ಕಪ್ಪಾಗಿ ಬರುವುದು ಕಷ್ಟ, ಅದು ಕೆಂಪೂ ಆಗಿರಬಹುದು. ನಿಮ್ಮದೇ ಮೊಬೈಲಿನ ಬಣ್ಣದ ಚಿತ್ರವೊಂದನ್ನು ತೆಗೆದುಕೊಂಡು, ಚಾನೆಲ್ ಮಿಕ್ಸರಿನಲ್ಲಿ ಕೆಂಪನ್ನು ಸೊನ್ನೆಗೆ ಇಳಿಸಿ, ಹಸಿರು ಮತ್ತು ನೀಲಿಯನ್ನು ಮಾತ್ರ ಉಳಿಸಿ ಕಪ್ಪು-ಬಿಳುಪು ಮಾಡಿ ನೋಡಿ. ಫಿಲ್ಮಿಗೆ ಸರಿಸಮವಲ್ಲದಿದ್ದರೂ ಅಜ್ಜಿಯ ಕಾಲದ ಕಣ್ಣು ಹೇಗಿತ್ತೆಂಬ ಅಂದಾಜು ಸಿಗುತ್ತದೆ.

ಈ ಡಿಸೆಂಬರಿಗೆ ಊರಿಗೆ ಹೋಗುವವರು ಚೀಲದಲ್ಲಿ ಒಂದು ಸಣ್ಣ ಟಾರ್ಚನ್ನೂ ಒಂದು ಭೂತಗನ್ನಡಿಯನ್ನೂ ಇಟ್ಟುಕೊಳ್ಳಿ. ಗೋಡೆಯ ಮೇಲಿನ ಫೋಟೋವನ್ನು ಮೊಬೈಲಿನಲ್ಲಿ ಎದುರಿನಿಂದ ಒಮ್ಮೆ, ಓರೆ ಬೆಳಕಿನಲ್ಲಿ ಇನ್ನೊಮ್ಮೆ ತೆಗೆದುಕೊಳ್ಳಿ, ಬೆನ್ನಿನ ಮೇಲೆ ಏನಾದರೂ ಬರೆದಿದ್ದರೆ ಅದನ್ನೂ. ಸೀರೆಯ ಬಣ್ಣ ಯಾವುದಿತ್ತೆಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ, ಆ ಒಂದು ವಿಷಯ ಫೋಟೋದಲ್ಲಿ ಇರುವುದಿಲ್ಲ. ನನ್ನ ಹತ್ತಿರ ಇನ್ನೂ ಒಂದು ರೋಲು ಆರ್ಥೋ ಉಳಿದಿದೆ. ನಮ್ಮ ಮುಂದಿನ ಕೂಟಕ್ಕೆ ಬರುವ ಹೆಂಗಸರು ಕೆಂಪು ಸೀರೆಯನ್ನೋ ಚಂದ್ರಕಾಳಿಯನ್ನೋ ಉಟ್ಟು ಬಂದರೆ ಅಕ್ಕಪಕ್ಕ ನಿಲ್ಲಿಸಿ ಒಂದು ಚಿತ್ರ ತೆಗೆಯುವ ಆಸೆಯಿದೆ. ಮೋಡವಿಲ್ಲದ ಮಧ್ಯಾಹ್ನವಾದರೆ ಒಳ್ಳೆಯದು.